ನಾಲ್ಕು ಗಂಟೆಯ ಗೇಟು

ಆ ಶನಿವಾರ ನನ್ನ ಗಂಡನ ಅಕ್ಕ ಗಿರಿಜಕ್ಕ ಊರಿಗೆಂದು ಹನ್ನೆರಡೂವರೆಯ ಸೊರಬದ ಬಸ್ಸಿಗೆ ಹೊರಟರು. ಸಂಕ್ರಾಂತಿಗೆ ಇನ್ನು ನಾಲ್ಕು ದಿನವಿತ್ತು. ಶನಿವಾರ ಶಾಲೆ ಬೆಳಗಿನದು, ನನಗೂ ಕೆಲಸ ಒಂದು ಗಂಟೆಯವರೆಗೆ ಮಾತ್ರ. ಹನ್ನೊಂದೂವರೆಗೆ ನನ್ನ ಮಗಳು ಚಿನ್ಮಯಿಯನ್ನು ಶಾಲೆಯ ಗೇಟಿನಿಂದ ಕರೆದುಕೊಂಡು ಬಂದು, ಶಿಕಾರಿಪುರದಲ್ಲಿ ನಾನು ಕೆಲಸ ಮಾಡುವ ಹೊಲಿಗೆ ಅಂಗಡಿಗೆ ಬಿಟ್ಟು, ಅಲ್ಲಿಂದಲೇ ಬಸ್‌ಸ್ಟ್ಯಾಂಡಿಗೆ ಹೋಗುವುದು ಅವರ ರೂಢಿ. ಅವತ್ತೂ ಹಾಗೆಯೇ ಬಂದರು. ಕೈಯಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಹಸುವಿಗೆಂದು ಕಟ್ಟಿಸಿಕೊಂಡ ಶೇಂಗಾ ಹಿಂಡಿ, ಸೆರಗಿನ ತುದಿಯ ಗಂಟಿನಲ್ಲಿ ನಮ್ಮ ಮನೆಯ ಎರಡನೇ ಬೀಗದ ಕೈ.

"ಕೀ ಇಲ್ಲೇ ಕೊಟ್ಟು ಹೋಗ್ರಿ ಗಿರಿಜಕ್ಕ. ಬಸ್ಸಲ್ಲಿ ಎಲ್ಲಾದ್ರೂ ಬಿದ್ದೀತು" ಅಂದೆ.

"ಬೀಳಕ್ಕೆ ಇದೆಂಥ ಹಣ್ಣೆಲೆಯಾ? ಗಂಟು ಹಾಕ್ಯೇನೆ. ಸೋಮವಾರ ಬೇಕೇ ಬೇಕಲ್ಲ" ಅಂದರು.

ಚಿನ್ಮಯಿ ಕತ್ತರಿಸುವ ಮೇಜಿನ ಕೆಳಗಿಂದಲೇ ಕೂಗಿದಳು: "ಅತ್ತೆ, ಸೋಮವಾರ ನಾಲ್ಕು ಗಂಟೆಗೆ!"

"ನಾಲ್ಕಕ್ಕಲ್ಲ, ಮೂರೂ ಮುಕ್ಕಾಲಿಗೆ. ನಿಮ್ಮ ಶಾಲೆಯ ಗಂಟೆ ಹೊಡಿಯೋ ಅಜ್ಜನ್ನ ನಾನೇ ಎಬ್ಬಿಸ್ಬೇಕಲ್ದಾ."

ನಾನು ಕೈಯಲ್ಲಿದ್ದ ಕಾಲರನ್ನು ತಿರುವಿ ಹಾಕುವುದರಲ್ಲಿದ್ದೆ. ಅವರು ರಸ್ತೆ ದಾಟಿದ್ದನ್ನು ನೋಡಲಿಲ್ಲ. ನಮ್ಮ ಮನೆಯ ಮಟ್ಟಿಗೆ ಅದೇ ಕೊನೆಯ ಮಾಮೂಲಿ ದಿನ.

ಈಗ ಮತ್ತೆ ಜೂನ್. ಅಂಗಡಿಗೆ ಯೂನಿಫಾರ್ಮಿನ ಥಾನುಗಳು ಬಂದಿವೆ. ಥಾನು ಬಿಚ್ಚಿದ ಕೂಡಲೇ ಹೊಸ ಬಟ್ಟೆಯ ಗಂಜಿಯ ವಾಸನೆ ಅಂಗಡಿ ತುಂಬಿಕೊಳ್ಳುತ್ತದೆ. ಮೊದಲೆಲ್ಲ ಅದು ನನಗೆ ಇಷ್ಟವಾದ ವಾಸನೆ. ಈಗ ಥಾನು ಬಿಚ್ಚುವಾಗ ಎದ್ದು ಬಾಗಿಲ ಬಳಿ ಹೋಗಿ ನಿಲ್ಲುತ್ತೇನೆ. ಹೋದ ವರ್ಷ ಇದೇ ವಾಸನೆಯ ನಡುವೆ ಕೂತು, ನಾಲ್ಕು ಗಂಟೆಗೆ ಮಗಳನ್ನು ಯಾರು ಕರೆತರುತ್ತಾರೆ, ಏಳರವರೆಗೆ ಯಾರು ನೋಡಿಕೊಳ್ಳುತ್ತಾರೆ ಎಂದು ನಾನು ಹುಡುಕುತ್ತಿದ್ದೆ.

ಚಿನ್ಮಯಿ ಒಂದನೇ ತರಗತಿಗೆ ಸೇರಿದ ವರ್ಷ ಅದು. ಅಂಗನವಾಡಿ ಇದ್ದಾಗ ಮನೆಯ ಎದುರಿಗೇ ಇತ್ತು, ತೊಂದರೆ ಇರಲಿಲ್ಲ. ಶಾಲೆ ಊರಿನ ಇನ್ನೊಂದು ತುದಿ. ಬಿಡುವುದು ನಾಲ್ಕಕ್ಕೆ. ನನ್ನ ಗಂಡ ಮಂಜುನಾಥ ಹಾಲಿನ ವ್ಯಾನು ಓಡಿಸುತ್ತಾರೆ. ಬೆಳಗಿನ ಹಾಲು ಮುಗಿಸಿ ಬಂದು ಮಲಗಿ ಎದ್ದರೆ ಮೂರೂವರೆಗೆ ಸಂಜೆಯ ಹಾಲಿಗೆ ಹೊರಡಬೇಕು, ಬರುವುದು ಎಂಟಕ್ಕೆ. ಜೂನ್ ತಿಂಗಳಲ್ಲಿ ಹೊಲಿಗೆ ಅಂಗಡಿಯಿಂದ ನಾಲ್ಕಕ್ಕೆ ಎದ್ದು ಹೋಗುತ್ತೇನೆ ಅಂದರೆ ಯಾವ ಮಾಸ್ಟರೂ ಒಪ್ಪುವುದಿಲ್ಲ. ಊರಿನ ಅರ್ಧ ಮಕ್ಕಳ ಅಂಗಿ ನಮ್ಮ ಮೆಷಿನ್ನುಗಳ ಮೇಲೆ ಇರುತ್ತದೆ.

ಮೊದಲ ವಾರ ಅವಳನ್ನು ಅಂಗಡಿಗೇ ತಂದುಕೊಂಡೆ. ಪಕ್ಕದ ಮೆಷಿನ್ನಿನ ಹೆಂಗಸು ಹೋಗಿ ಕರೆದುಕೊಂಡು ಬರುತ್ತಿದ್ದಳು. ಮಗು ಮೇಜಿನ ಕೆಳಗೆ ಚೂರುಬಟ್ಟೆಗಳ ರಾಶಿಯ ಮೇಲೆ ಆಡಿ ಅಲ್ಲೇ ಮಲಗುತ್ತಿತ್ತು. ಐದನೇ ದಿನ ಎದ್ದವಳು ಇಸ್ತ್ರಿ ಪೆಟ್ಟಿಗೆಗೆ ಮೊಣಕೈ ತಾಗಿಸಿಕೊಂಡಳು. ಸುಟ್ಟ ಜಾಗ ದೊಡ್ಡದಲ್ಲ, ಒಂದು ಹುಣಸೆ ಬೀಜದಷ್ಟು. ಆದರೆ ಅವಳು ಅಳಲಿಲ್ಲ, ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ಮಾಸ್ಟರ್ ರುದ್ರಣ್ಣ ಟೇಪನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟರು.

"ಸವಿತಮ್ಮ, ಇದು ಅಂಗಡಿ. ಸೂಜಿ, ಕತ್ರಿ, ಕರೆಂಟು. ಕೂಸಿಗೆ ಏನಾರ ಆದ್ರೆ ನಾನು ಯಾರಿಗೆ ಮುಖ ತೋರಿಸ್ಲಿ? ಸೋಮವಾರದೊಳಗೆ ಏನಾರ ವ್ಯವಸ್ಥೆ ಮಾಡ್ಕೊಳ್ರಿ."

ನನ್ನ ತವರು ಕುಬಟೂರು. ಅವ್ವನಿಗೆ ಫೋನ್ ಮಾಡಿದೆ. ಅಲ್ಲಿ ತಮ್ಮನ ಅವಳಿ ಮಕ್ಕಳಿಗೆ ಇನ್ನೂ ಎರಡು ತುಂಬಿರಲಿಲ್ಲ. "ಬರ್ತೀನವ್ವ, ಇವೆರಡನ್ನೂ ಬಗಲಿಗೆ ಕಟ್ಕೊಂಡು ಬರ್ಲಾ?" ಅಂದಳು. ಶಾಲೆಯಲ್ಲಿ ಕೇಳಿದೆ, ಐದರವರೆಗೆ ಒಂದು ಕೋಣೆಯಲ್ಲಿ ಕೂರಿಸುತ್ತಾರಂತೆ, ಆಮೇಲೆ ಜವಾನ ಬೀಗ ಹಾಕುತ್ತಾನೆ. ಐದರಿಂದ ಏಳರ ಪ್ರಶ್ನೆ ಹಾಗೇ ಉಳಿಯಿತು.

ಆಮೇಲೆ ಶೈಲಜಾ ಟೀಚರ ಮನೆ ನೋಡಲು ಹೋದೆ. ಅವರು ಶಾಲೆ ಬಿಟ್ಟ ಮಕ್ಕಳನ್ನು ಏಳರವರೆಗೆ ಇಟ್ಟುಕೊಂಡು, ಮಂಡಕ್ಕಿಯೋ ಬಿಸ್ಕತ್ತೋ ಕೊಟ್ಟು, ಹೋಂವರ್ಕ್ ಮಾಡಿಸಿ ಕಳಿಸುತ್ತಾರೆ. ಕೆರೆ ಏರಿಯ ಹಿಂದಿನ ಹೊಸ ಬಡಾವಣೆಯಲ್ಲಿ ಮನೆ. ಅಂಗಳದಲ್ಲಿ ನೀರಿನ ಸಂಪು, ಸಂಪಿನ ಬಾಯಿಗೆ ಒಂದು ಹಲಗೆ. ಮೂಲೆಯಲ್ಲಿ ಕಟ್ಟಿದ ನಾಯಿ. ನಡುಮನೆಯಲ್ಲಿ ಟೀವಿ ಮುಂದೆ ಮಕ್ಕಳು.

"ಎಷ್ಟು ಮಕ್ಕಳಿದಾರ್ರೀ ಟೀಚರೇ?"

"ಹನ್ನೊಂದು. ನಿಮ್ಮದು ಬಂದ್ರೆ ಒಂದು ಡಜನ್ನು."

"ಸಂಪಿಗೆ ಮುಚ್ಚಳ?"

"ಹಲಗೆ ಐತಲ್ರೀ. ಮುಂದಿನ ತಿಂಗಳು ಸ್ಲ್ಯಾಬ್ ಹಾಕಿಸ್ತೀವಿ."

"ನಾಯಿ ಕಚ್ಚುತ್ತಾ?"

"ಮಕ್ಕಳಿಗೆ ಏನೂ ಮಾಡಲ್ಲ. ಇಷ್ಟು ಪ್ರಶ್ನೆ ಕೇಳೋರನ್ನ ಮಾತ್ರ ಹೇಳಾಕ ಬರಲ್ಲ ನೋಡ್ರಿ" ಎಂದು ನಕ್ಕರು.

ನಾನು ನಗಲಿಲ್ಲ. ಇನ್ನೂ ಕೇಳಿದೆ. ಜ್ವರ ಬಂದರೆ ಯಾರಿಗೆ ಫೋನ್ ಮಾಡುತ್ತೀರಿ, ನೀವಿಲ್ಲದಾಗ ಮನೆಗೆ ಯಾರು ಬರುತ್ತಾರೆ, ಬಚ್ಚಲಿನ ಚಿಲಕ ಒಳಗಿಂದ ಬೀಳುತ್ತದೆಯಾ. ಹೊರಡುವಾಗ ಅವರು ಚಪ್ಪಲಿ ಹುಡುಕುತ್ತಿದ್ದಾಗ ಸಂಪಿನ ಹಲಗೆಯ ಮೇಲೆ ಒಂದು ಕಾಲಿಟ್ಟು ಒತ್ತಿದೆ. ಅದು ನಡುವಿನಲ್ಲಿ ತಗ್ಗಿತು. ಕೆಳಗೆ ನೀರು ಅಲುಗಿದ ಸದ್ದು ಕೇಳಿಸಿತು. ಮನೆಗೆ ಬಂದು ಮಂಜುನಾಥರಿಗೆ ಹೇಳಿದೆ: "ಆ ಮನೆಗೆ ನನ್ನ ಮಗಳನ್ನ ಕಳಿಸಲ್ಲ."

ಅವರು, "ನಮ್ಮಕ್ಕನ್ನ ಕರ್ಕೊಂಡು ಬರ್ತೀನಿ" ಅಂದರು.

ಹೇಳಿದ ಕೂಡಲೇ ಎದೆ ಹಗುರಾಯಿತು. ಇದು ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ಇಬ್ಬರೂ ಆಶ್ಚರ್ಯಪಟ್ಟೆವು. ಗಿರಿಜಕ್ಕ ಅವರ ಅಕ್ಕ, ಹನ್ನೆರಡು ವರ್ಷ ದೊಡ್ಡವರು. ತಾಯಿ ಹೋದಮೇಲೆ ತಮ್ಮನನ್ನು ಸಾಕಿದವರೇ ಅವರು. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ತೀರಿಕೊಂಡ ಮೇಲೆ ಊರಿಗೇ ಬಂದಿದ್ದರು. ಸೊರಬದಿಂದ ಕ್ಯಾಸನೂರಿನ ಕಡೆಗೆ ಇನ್ನೊಂದು ಬಸ್ಸು ಹಿಡಿದು ಹೋಗಬೇಕಾದ ಊರು. ಮನೆಯ ಹಿಂದೆ ಅರ್ಧ ಎಕರೆ ಗದ್ದೆ, ಗದ್ದೆ ದಾಟಿದರೆ ಕಾನು. ಆ ಕಡೆಯವರು ದಟ್ಟ ಕಾಡಿನ ತುಂಡಿಗೆ ಕಾನು ಅನ್ನುತ್ತಾರೆ. ಹಗಲಲ್ಲೂ ಒಳಗೆ ಕತ್ತಲೆ.

ಭಾನುವಾರ ನಾವಿಬ್ಬರೂ ಮಗುವನ್ನು ನಡುವೆ ಕೂರಿಸಿಕೊಂಡು ಬೈಕಿನಲ್ಲಿ ಹೋದೆವು. ಗಿರಿಜಕ್ಕ ಕೇಳಿದ್ದು ಒಂದೇ ಮಾತು.

"ಹಸು?"

ಹಸುವಿಗೆ ಉತ್ತರ ಕೊಟ್ಟವರು ಪಕ್ಕದ ಮನೆಯ ಈರಮ್ಮ. ಅವರು ಬೇಲಿಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದರು. "ಹಸು ನಾ ನೋಡ್ಕಂತೀನಿ ಬಿಡೇ. ವಾರ ಪೂರ್ತಿ ನಂದು, ಭಾನುವಾರ ನೀ ನಂಗೊಂದು ಆಳಾಗಿ ಬಾ. ಮುಯ್ಯಾಳು ಲೆಕ್ಕ. ನಾಟಿಗೆ ಒಬ್ರೂ ಸಿಗಲ್ಲ ಈಗ."

ಮುಯ್ಯಾಳು ಅಂದರೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೆಲಸದಿಂದಲೇ ತೀರಿಸುವುದು. ನಮ್ಮ ಕಡೆಯೂ ಮೊದಲು ಇತ್ತು. ಯಾರಿಗೂ ಹೊರೆಯಲ್ಲ, ಯಾರ ಹಂಗೂ ಇಲ್ಲ. ಗಿರಿಜಕ್ಕ ತಲೆಯಾಡಿಸಿದರು. ಸೋಮವಾರದಿಂದ ಶನಿವಾರ ನಮ್ಮ ಮಗಳು, ಭಾನುವಾರ ಈರಮ್ಮನ ಕೆಲಸ. ಹತ್ತು ನಿಮಿಷದಲ್ಲಿ ತೀರ್ಮಾನವಾಗಿ ನಾವು ಅವಲಕ್ಕಿ ತಿಂದು ಎದ್ದೆವು. ಶೈಲಜಾ ಟೀಚರಿಗೆ ಅಷ್ಟು ಪ್ರಶ್ನೆ ಕೇಳಿ ಹಲಗೆ ತುಳಿದು ನೋಡಿದವಳು ನಾನು. ಅವತ್ತು ಆ ಅಂಗಳದಲ್ಲಿ ನಿಂತು ಎದುರಿಗಿದ್ದ ಕಾನನ್ನು ನೋಡಿ, "ಎಷ್ಟು ತಂಪಾಗಿದೆ" ಅಂದೆ.

ಬಸ್‌ಸ್ಟ್ಯಾಂಡಿನ ಹತ್ತಿರ ಕೀ ಮಾಡುವವನ ಬಳಿ ಎರಡನೇ ಬೀಗದ ಕೈ ಮಾಡಿಸಿಕೊಟ್ಟೆವು. ಅದರ ಹಲ್ಲುಗಳು ಒರಟಾಗಿದ್ದವು, ಬೀಗದೊಳಗೆ ಸ್ವಲ್ಪ ಅಲ್ಲಾಡಿಸಿ ತಿರುಗಿಸಬೇಕಿತ್ತು. ಗಿರಿಜಕ್ಕನಿಗೆ ಆ ಮರ್ಜಿ ಬೇಗ ಗೊತ್ತಾಯಿತು.

ಏಳು ತಿಂಗಳು ನಾವು ಗಡಿಯಾರ ನೋಡದೆ ಬದುಕಿದೆವು. ಮಳೆ ಬಂದರೂ ಗಾಳಿ ಬಂದರೂ ಮೂರೂ ಮುಕ್ಕಾಲಿಗೆ ಗಿರಿಜಕ್ಕ ಗೇಟಿನ ಎಡಗಂಬದ ಪಕ್ಕ ನಿಂತಿರುತ್ತಿದ್ದರು. ಉಳಿದ ತಾಯಂದಿರು ಕೈಯಲ್ಲಿ ಫೋನ್ ಹಿಡಿದು ನಿಂತರೆ, ಇವರು ಬಾಗಿಲ ಕಡೆಯೇ ನೋಡುತ್ತ ನಿಲ್ಲುವುದನ್ನು ನೋಡಿ ಗೇಟಿನೆದುರು ಪುಸ್ತಕದಂಗಡಿಯ ಬಸವರಾಜು ತಮಾಷೆ ಮಾಡುತ್ತಿದ್ದರಂತೆ: "ಏನ್ರೀ ಅಮ್ಮ, ಕೂಸು ಹಾರಿ ಹೋಗ್ತೈತೇನ್ರೀ?" ಇವರು, "ಹಾರಿದ್ರೆ ಹಿಡಿಯಕ್ಕೇ ಬಂದೀನಿ" ಅನ್ನುತ್ತಿದ್ದರಂತೆ. ಮಗಳ ಚೀಲವನ್ನು ತಾವೇ ಹೆಗಲಿಗೆ ಹಾಕಿಕೊಳ್ಳುವರು. ನಡುವಯಸ್ಸಿನ ಹೆಂಗಸಿನ ಬೆನ್ನ ಮೇಲೆ ಗುಲಾಬಿ ಬಣ್ಣದ ಚಿಟ್ಟೆಯ ಚೀಲ.

ಭಾನುವಾರಗಳು ಬದಲಾಗುತ್ತ ಹೋದವು. ಆಷಾಢ ಶ್ರಾವಣದಲ್ಲಿ ನಾಟಿ, ಆಮೇಲೆ ಕಳೆ, ಕಾರ್ತಿಕ ಕಳೆದ ಮೇಲೆ ಕೊಯ್ಲು. ಡಿಸೆಂಬರಿನಲ್ಲಿ ಕೊಯ್ಲು ಮುಗಿದು ದರಗಿನ ಕೆಲಸ ಶುರುವಾಯಿತು. ಕಾನಿನ ಅಂಚಿನಲ್ಲಿ ಉದುರಿದ ಒಣ ಎಲೆಯೇ ದರಗು. ಅದನ್ನು ಗುಡಿಸಿ, ಹಗ್ಗದ ಬಲೆಯಂಥ ಕಲ್ಲಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ತಂದು ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸುತ್ತಾರೆ, ಗೊಬ್ಬರವಾಗುತ್ತದೆ. ಮಳೆಗಾಲಕ್ಕೆ ಬೇಕಾದಷ್ಟನ್ನು ಬೇಸಿಗೆಯೊಳಗೆ ಕೂಡಿಡಬೇಕು.

ಆ ಎಲೆಯಡಿ ಉಣುಗಿನ ಮರಿಗಳಿರುತ್ತವೆ. ದನದ ಮೈಗೆ ಕಚ್ಚಿಕೊಳ್ಳುತ್ತದಲ್ಲ, ಅದೇ ಹುಳ. ಅದು ಕಚ್ಚಿ ಮಂಗನ ಕಾಯಿಲೆ ಬರುತ್ತದೆಂದು ಆ ಕಡೆ ಮಕ್ಕಳಿಗೂ ಗೊತ್ತು. ಡಿಸೆಂಬರಿನಲ್ಲಿ ಆಶಾ ಕಾರ್ಯಕರ್ತೆ ಮನೆಮನೆಗೆ ಒಂದೊಂದು ಬಾಟಲಿ ಎಣ್ಣೆ ಕೊಟ್ಟು, ಕಾನಿಗೆ ಹೋಗುವಾಗ ಕೈಕಾಲಿಗೆ ಹಚ್ಚಿಕೊಳ್ಳಿ ಎಂದು ಹೇಳಿ ಹೋಗಿದ್ದಳಂತೆ. ಗಿರಿಜಕ್ಕ ಮೊದಲ ಭಾನುವಾರ ಹಚ್ಚಿಕೊಂಡರು. ಸೋಮವಾರ ಬೆಳಗಿನ ಬಸ್ಸಿಗೆ ಅದೇ ಸೀರೆಯಲ್ಲಿ ಬಂದರು. ಸಂಜೆ ನಾನು ಮನೆಗೆ ಬಂದಾಗ ಚಿನ್ಮಯಿ ದೂರ ಕೂತು ಮೂಗು ಹಿಡಿದುಕೊಂಡಿದ್ದಳು.

"ಅಮ್ಮ, ಅತ್ತೆ ವಾಸ್ನೆ. ನಾ ಅತ್ತೆ ತೊಡೆ ಮೇಲೆ ಕೂರಲ್ಲ."

ನಾನು ನಕ್ಕೆ. ಗಿರಿಜಕ್ಕನೂ ನಕ್ಕು, "ನಂಗೇ ತಡಿಯಕ್ಕಾಗ್ತಿಲ್ಲ ಕಣೇ, ಇನ್ನು ಕೂಸಿಗೆ ಹೆಂಗಾಗಬೇಡ" ಎಂದು ಎದ್ದು ಹೋಗಿ ಸೀರೆ ಬದಲಾಯಿಸಿ ಬಂದರು. ಮರುವಾರ ಆ ಬಾಟಲಿಯನ್ನು ಚೀಲದಲ್ಲಿ ತಂದು ನಮ್ಮ ಮನೆಯ ಅಟ್ಟದ ಹಲಗೆಯ ಮೇಲಿಟ್ಟರು. "ಇಲ್ಲಿರ್ಲಿ. ಅಲ್ಲಿದ್ರೆ ಈರಮ್ಮ ಹಚ್ಚು ಹಚ್ಚು ಅಂತಾಳೆ" ಅಂದರು. ಬಾಟಲಿ ಈಗಲೂ ಅಲ್ಲೇ ಇದೆ. ಬೆರಳ ಅಗಲದಷ್ಟು ಮಾತ್ರ ಕಡಿಮೆಯಾಗಿದೆ. ಈ ಸಂಗತಿ ನನಗೂ ಮಂಜುನಾಥರಿಗೂ ಗೊತ್ತು, ಚಿನ್ಮಯಿಗೆ ಹೇಳಿಲ್ಲ. ಹೇಳುವುದೂ ಇಲ್ಲ.

ಮೊದಲು ಹೇಳಿದ ಆ ಶನಿವಾರದ ನಂತರದ ಸೋಮವಾರ. ಗಿರಿಜಕ್ಕ ನಡುಮನೆಯಲ್ಲಿ ಕೂತು ಸಂಕ್ರಾಂತಿಗೆಂದು ಕೊಬ್ಬರಿ ಹೆಚ್ಚುತ್ತಿದ್ದರು. ಚಿನ್ಮಯಿ ಅವರ ಕಾಲ ಬಳಿ ಮಲಗಿ ಸೀರೆಯ ಅಂಚು ಎಣಿಸುತ್ತಿದ್ದಳು.

"ಅತ್ತೆ, ಎಳ್ಳು ನಡೀತೈತಿ."

"ಎಳ್ಳು ಎಲ್ಲಿ ನಡಿತದಾ, ಹುಚ್ಚಿ."

"ನೋಡಿಲ್ಲಿ. ನಿಮ್ಮ ಕಾಲ ಹತ್ರ. ಕಾಲು ಐತಿ ಅದಕ್ಕೆ."

ನಾನು ಬಗ್ಗಿ ನೋಡಿದೆ. ಎಳ್ಳಿಗಿಂತ ಸಣ್ಣದು. ಒಲೆಯ ಮೇಲಿದ್ದ ಸಾರನ್ನು ಬದಿಗಿಟ್ಟು, ಅದನ್ನು ಕಾಗದದ ತುದಿಯಿಂದ ತೆಗೆದು ಉರಿಗೆ ಹಾಕಿದೆ. ಚಿಟ್ ಅಂದಿತು. ಗಿರಿಜಕ್ಕ ಸೀರೆ ಮೊಣಕಾಲವರೆಗೆ ಎತ್ತಿ ನೋಡಿಕೊಂಡರು. ಮಂಡಿಯ ಹಿಂದೆ ಕೆಂಪಗೆ ಎರಡು ಚುಕ್ಕಿಗಳಿದ್ದವು. ಅರಿಸಿನ ಹಚ್ಚಿಕೊಂಡರು. ನಾನು ಮಗಳನ್ನು ಬಚ್ಚಲಿಗೆ ಕರೆದೊಯ್ದು ತಲೆಯಿಂದ ಕಾಲಿನವರೆಗೆ ಹುಡುಕಿದೆ. ಕಿವಿಯ ಹಿಂದೆ, ಕಂಕುಳಲ್ಲಿ, ಬೆರಳ ಸಂದಿಯಲ್ಲಿ. ಏನೂ ಇರಲಿಲ್ಲ. ಸಮಾಧಾನವಾಯಿತು. ಗಿರಿಜಕ್ಕನ ಬೆನ್ನನ್ನು ಯಾರೂ ನೋಡಲಿಲ್ಲ.

ಆ ದಿನಗಳಲ್ಲಿ ಅಂಗಡಿಗೆ ಶಾಲೆಗಳ ವಾರ್ಷಿಕೋತ್ಸವದ ಕೆಲಸ ಬಂದಿತ್ತು. ಒಂದು ಶಾಲೆಯವರು ರಾಮಾಯಣದ ನೃತ್ಯಕ್ಕೆ ಕಪಿಸೇನೆ ಮಾಡಿಸುತ್ತಿದ್ದರು. ಹದಿನಾರು ಬಾಲ. ಬಾಲಗಳನ್ನು ನಾನು ಮನೆಗೆ ತಂದು, ಸಂಜೆ ಹೊತ್ತು ಮನೆಯ ಮೆಷಿನ್ನಿನಲ್ಲಿ ಹೊಲಿಯುತ್ತಿದ್ದೆ. ಕಂದು ಬಟ್ಟೆಯ ಕೊಳವೆ, ಒಳಗೆ ಹತ್ತಿ. ಹೊಲಿದದ್ದನ್ನು ಬಾಗಿಲ ಪಕ್ಕದ ಗೂಟಕ್ಕೆ ನೇತು ಹಾಕುತ್ತಿದ್ದೆ. ಗಿರಿಜಕ್ಕ ಅವನ್ನೇ ನೋಡುತ್ತ ಕೂತಿದ್ದವರು, "ನಮ್ಮ ಕಾನಂಚಲ್ಲಿ ಒಂದು ಮಂಗ ಸತ್ತು ಬಿದ್ದಿತ್ತು ಹೋದ ಭಾನುವಾರ" ಅಂದರು.

"ಹೌದಾ?" ಅಂದೆ.

"ಹೂಂ. ಈರಮ್ಮ ಆ ಕಡೆ ಹೋಗಬ್ಯಾಡ ಅಂದ್ಲು. ಈ ಕಡೆಗೆ ಗುಡಿಸಿದ್ವಿ."

ನನ್ನ ಕಾಲು ಮೆಷಿನ್ನಿನ ಮೇಲೇ ಇತ್ತು. ನಿಲ್ಲಿಸಲಿಲ್ಲ. ಮಂಗ ಸತ್ತ ಕಡೆ ಕಾಯಿಲೆ ಇರುತ್ತದೆ ಎಂದು ನನಗೂ ಗೊತ್ತಿತ್ತು. ಆದರೆ ಅದು ಸೊರಬದ ಕಡೆಯ ಸುದ್ದಿ, ನಾವಿರುವುದು ಶಿಕಾರಿಪುರದಲ್ಲಿ. ಬಸ್ಸಿನಲ್ಲಿ ಮನುಷ್ಯರು ದಿನಾ ಅಲ್ಲಿಂದ ಇಲ್ಲಿಗೆ ಬರುತ್ತಾರೆ ಎಂಬುದು ತಲೆಗೆ ಬರಲಿಲ್ಲ.

ಶುಕ್ರವಾರ ಸಂಜೆ ಅವರಿಗೆ ತಲೆನೋವು, ಸೊಂಟನೋವು ಶುರುವಾಯಿತು. ಶನಿವಾರ ಊರಿಗೆ ಹೋಗಲಿಲ್ಲ. ಏಳು ತಿಂಗಳಲ್ಲಿ ಮೊದಲ ಸಲ. "ಈರಮ್ಮಂಗೆ ಒಂದು ಭಾನುವಾರ ಬಾಕಿ ಬಿತ್ತು" ಎಂದು ಅದನ್ನೇ ಹೇಳಿಕೊಂಡರು. ಮೈ ಮುಟ್ಟಿದರೆ ಕಾವಲಿಯಂತಿತ್ತು. ಮಂಜುನಾಥ ಆಸ್ಪತ್ರೆಗೆ ಹೋಗೋಣ ಅಂದರು.

"ಎಂಥದೂ ಆಗಿಲ್ಲ ನಂಗೆ. ಚಳಿ ಹಿಡ್ದದೆ. ಆಸ್ಪತ್ರೆಗೆ ಹೋದ್ರೆ ಮಲಗ್ಸಿಕೊಂಡು ಬಿಡ್ತಾರೆ. ಸೋಮವಾರ ಗೇಟಿಗೆ ನಮ್ಮಪ್ಪ ಹೋಗ್ತಾನಾ ಮಂಜ?"

ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಮೂವರೂ ನಕ್ಕೆವು. ನಾನು ಔಷಧಿ ಅಂಗಡಿಯಿಂದ ಜ್ವರದ ಮಾತ್ರೆ ತಂದುಕೊಟ್ಟೆ. ಇನ್ನೂ ಒಂಬತ್ತು ಬಾಲ ಬಾಕಿ ಇತ್ತು. ಅವರು ಆಸ್ಪತ್ರೆಗೆ ಬೇಡ ಅಂದಾಗ ನನಗೆ ಒಳಗೊಳಗೆ ನಿರಾಳವಾಗಿತ್ತು. ಇದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಮರುವಾರ ಪೂರ್ತಿ ಜ್ವರದಲ್ಲೇ ಗೇಟಿಗೆ ಹೋದರು. ಮಧ್ಯಾಹ್ನದ ಬಿಸಿಲಿನಲ್ಲಿ ತಲೆಗೆ ಶಾಲು ಸುತ್ತಿಕೊಂಡು ನಿಂತಿರುತ್ತಿದ್ದರಂತೆ. ಕಣ್ಣು ಕೆಂಪಾಗಿತ್ತು. ಚಿನ್ಮಯಿ ಹೇಳಿದಳು, "ಅತ್ತೆ ದಾರೀಲಿ ಮೂರು ಸಲ ಕೂತ್ಕೊಂಡ್ರು." ನಾನು ಕೇಳಿದರೆ, "ಅದರ ಚೀಲದಲ್ಲಿ ಕಲ್ಲು ತುಂಬ್ಯದೆ ಕಣೇ, ಮೇಷ್ಟ್ರಿಗೆ ಹೇಳು" ಅಂದರು.

ಆಮೇಲೆ ಜ್ವರ ಬಿಟ್ಟಿತು. ಒಂದು ಬೆಳಗ್ಗೆ ಎದ್ದು ತಾವೇ ನೀರು ಕಾಸಿಕೊಂಡು ತಲೆಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ರೊಟ್ಟಿ ತಟ್ಟಲು ಕೂತರು. ಹತ್ತು ದಿನ ಚೆನ್ನಾಗಿದ್ದರು. ನಡುವೆ ಬಂದ ಭಾನುವಾರ ಮಾತ್ರ, ಇನ್ನೂ ಸುಸ್ತಿದೆ ಎಂದು ನಾವೇ ಊರಿಗೆ ಬಿಡಲಿಲ್ಲ. ಬಾಲಗಳನ್ನೆಲ್ಲ ಒಪ್ಪಿಸಿ ಬಂದೆ. ಆ ಹತ್ತು ದಿನಗಳ ಬಗ್ಗೆ ಆಮೇಲೆ ಡಾಕ್ಟರು ಹೇಳಿದರು. ಈ ಜ್ವರ ಕೆಲವರಲ್ಲಿ ಹೀಗೆಯೇ, ಹೋಗಿ ವಾರ ಎರಡು ವಾರಕ್ಕೆ ಮತ್ತೆ ಬರುತ್ತದೆ, ಬಂದಾಗ ತಲೆಗೆ ಏರುತ್ತದೆ. ನಾವು ಆ ದಿನಗಳಲ್ಲಿ ಒಬ್ಬಟ್ಟು ಮಾಡಿಕೊಂಡು ತಿಂದಿದ್ದೆವು.

ಫೆಬ್ರವರಿಯ ಒಂದು ಗುರುವಾರ, ಎರಡು ಗಂಟೆಯ ಹೊತ್ತಿಗೆ ಅಂಗಡಿಗೆ ಫೋನ್ ಬಂತು. ಪುಸ್ತಕದಂಗಡಿಯ ಬಸವರಾಜು.

"ಸವಿತಮ್ಮಾರೇನ್ರೀ? ನಿಮ್ಮ ಮನೆ ಅಮ್ಮ ಒಂದು ಗಂಟೆಯಿಂದ ಗೇಟಿನ ಹತ್ರ ನಿಂತಾರ. ನೆಲ ನೋಡ್ಕಂತ ಅಡ್ಡಾಡ್ತಾರ, ಏನೋ ಕಳ್ಕೊಂಡಂಗೆ. ಕೇಳಿದ್ರೆ ನಾಲ್ಕು ಹೊಡೀತಾ ಅಂತಾರ."

"ಬೇಗ ಬಂದಿರಬೇಕ್ರೀ. ಸ್ವಲ್ಪ ನೆರಳಲ್ಲಿ ಕೂರಿಸ್ರಿ" ಎಂದು ಫೋನ್ ಇಟ್ಟೆ. ಕೈಯಲ್ಲಿ ಮದುವೆಯ ರವಿಕೆ ಇತ್ತು, ಸಂಜೆಗೆ ಕೊಡಬೇಕಿತ್ತು. ಮೂರು ಗಂಟೆಗೆ ಅವರೇ ಮತ್ತೆ ಮಾಡಿದರು. ಈ ಸಲ ತಮಾಷೆಯ ದನಿ ಇರಲಿಲ್ಲ. "ಬೇಗ ಬರ್ರೀ" ಅಂದರು.

ಹೋದಾಗ ಗಿರಿಜಕ್ಕ ಎಡಗಂಬ ಹಿಡಿದು ನಿಂತಿದ್ದರು. ಕೂರಲು ಒಪ್ಪಿರಲಿಲ್ಲವಂತೆ. ಕೈ ನಡುಗುತ್ತಿತ್ತು. ಸೆರಗು ನೆಲಕ್ಕೆ ಬಿದ್ದಿತ್ತು. ನಾನು ಎತ್ತಿ ಹೆಗಲಿಗೆ ಹಾಕಿ, "ಮನಿಗೆ ಹೋಗೋಣ ಬರ್ರಿ ಗಿರಿಜಕ್ಕ" ಅಂದೆ. ಅವರು ನನ್ನನ್ನು ನೋಡಿದರು. ಮರ್ಯಾದೆಯಿಂದ, ಪರಿಚಯವಿಲ್ಲದವರನ್ನು ನೋಡುವಂತೆ.

"ನೀವು ಯಾರ ಮನೆಯವ್ರು ಅಮ್ಮ? ನಮ್ಮ ಕೂಸು ಬಿಡೋ ಹೊತ್ತಾತು. ಅದನ್ನ ಕರ್ಕಂಡೇ ಹೋಗ್ಬೇಕು. ಅವರಮ್ಮ ಕೆಲಸಕ್ಕೆ ಹೋಗ್ಯಾಳೆ."

ಎಷ್ಟು ಹೇಳಿದರೂ ಕಂಬ ಬಿಡಲಿಲ್ಲ. ಬಸವರಾಜು ಆಟೋ ತಂದು ನಿಲ್ಲಿಸಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಮಕ್ಕಳು ಹೊರಬಂದವು. ಅಷ್ಟು ಮಕ್ಕಳ ನಡುವೆ ಅವರು ಚಿನ್ಮಯಿಯನ್ನು ಮಾತ್ರ ಗುರುತು ಹಿಡಿದರು. "ಬಾ ಕೂಸೇ" ಎಂದು ಕೈ ಚಾಚಿ ಚೀಲವನ್ನು ತಮ್ಮ ಹೆಗಲಿಗೆ ಹಾಕಿಕೊಂಡರು. ಏಳೆಂಟು ಹೆಜ್ಜೆ ನಡೆದರು. ಆಟೋ ಮುಟ್ಟುವ ಮುಂಚೆ ಬಿದ್ದರು. ಚೀಲ ಬೆನ್ನ ಮೇಲೇ ಇತ್ತು.

ಇಲ್ಲಿನ ಆಸ್ಪತ್ರೆಯಿಂದ ಶಿವಮೊಗ್ಗಕ್ಕೆ ಕಳಿಸಿದರು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಕಾಡಿಗೆ ಹೋಗಿದ್ದರಾ?" ಎರಡನೆಯದು, "ಮೊದಲ ಜ್ವರ ಯಾವಾಗ ಬಂತು?" ಒಂಬತ್ತು ಬಾಲ ಬಾಕಿ ಇದ್ದಾಗ ಎಂದು ನೆನಪಿಗೆ ಬಂತು. ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ ವಾರ ಹೇಳಿದೆ. ಅವರು ಬರೆದುಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಐದು ದಿನ ಇದ್ದರು. ಒಂದು ಸಲ ಮಾತ್ರ ಕಣ್ಣು ಬಿಟ್ಟು ತಮ್ಮನನ್ನು ನೋಡಿ, "ಟೈಮೆಷ್ಟು ಮಂಜ?" ಎಂದು ಕೇಳಿದರು. ಅವರು ಹೇಳುವಷ್ಟರಲ್ಲಿ ಮತ್ತೆ ಕಣ್ಣು ಮುಚ್ಚಿದರು. ಮಂಗನ ಕಾಯಿಲೆ ಎಂದು ರಕ್ತಪರೀಕ್ಷೆಯ ವರದಿ ಬಂದದ್ದು ಮಣ್ಣು ಮಾಡಿದ ಮೇಲೆ.

ಊರಿನಲ್ಲಿ ಅವರ ಅರ್ಧ ಎಕರೆಯ ಮೂಲೆಯಲ್ಲೇ ಮಾಡಿದೆವು. ಈರಮ್ಮ ಹಸುವನ್ನು ಅಲ್ಲಿಯವರೆಗೆ ಹಿಡಿದುಕೊಂಡು ಬಂದಿದ್ದರು. ನನ್ನ ಕೈ ಹಿಡಿದು ಅತ್ತರು. "ಮೂರು ಭಾನುವಾರ ಬರ್ಲಿಲ್ಲ ಅಂತ ನಾ ಸಿಟ್ಟು ಮಾಡ್ಕಂಡಿದ್ದೆ ಮಾರಾಯ್ತಿ. ಫೋನ್ ಮಾಡಿ, ಪೇಟೆ ಸೇರಿ ದೊಡ್ಡೋಳಾದ್ಯಾ ಅಂದೆ. ಬರ್ತೀನಿ, ಮೂರೂ ತೀರಿಸ್ತೀನಿ ಅಂದ್ಲು." ಗದ್ದೆಯಾಚೆ ಕಾನು ಅಲ್ಲಾಡದೆ ನಿಂತಿತ್ತು. ಎಲೆ ಉದುರುವ ಸದ್ದು ಅಲ್ಲಿಯವರೆಗೆ ಕೇಳುತ್ತಿತ್ತು.

ಶಾಲೆಯಲ್ಲಿ ಕೆಲವು ತಾಯಂದಿರು ತಮ್ಮ ಮಕ್ಕಳನ್ನು ಚಿನ್ಮಯಿಯ ಪಕ್ಕದಿಂದ ಎಬ್ಬಿಸಿ ಬೇರೆ ಬೆಂಚಿಗೆ ಕೂರಿಸಿದರು. ಇದು ಮನುಷ್ಯರಿಂದ ಮನುಷ್ಯರಿಗೆ ಬರುವುದಿಲ್ಲ ಎಂದು ಟೀಚರು ತಿಳಿಸಿ ಹೇಳಿದ ಮೇಲೆ ಒಂದು ತಿಂಗಳಿಗೆ ಸರಿಹೋಯಿತು. ನನಗೆ ಅವರ ಮೇಲೆ ಸಿಟ್ಟಿಲ್ಲ. ನಾನೂ ಅವತ್ತು ಬಚ್ಚಲಿನಲ್ಲಿ ನನ್ನ ಮಗಳ ಮೈಯನ್ನಷ್ಟೇ ಹುಡುಕಿದವಳು.

ಚಿನ್ಮಯಿ ಈಗ ಎರಡನೇ ತರಗತಿ. ನಾಲ್ಕಕ್ಕೆ ಶೈಲಜಾ ಟೀಚರೇ ಗೇಟಿಗೆ ಬಂದು ನಾಲ್ಕೈದು ಮಕ್ಕಳ ಜೊತೆ ಅವಳನ್ನೂ ಕರೆದೊಯ್ಯುತ್ತಾರೆ. ಸಂಪಿಗೆ ಸ್ಲ್ಯಾಬ್ ಹಾಕಿಸಿ ವರ್ಷವಾಗುತ್ತ ಬಂತಂತೆ. ನಾನು ನೋಡಿ ಬಂದ ಮರು ತಿಂಗಳೇ ಹಾಕಿಸಿದ್ದರಂತೆ. ನಾಯಿ ಅವಳಿಗೆ ಬಾಲ ಅಲ್ಲಾಡಿಸುತ್ತದೆ. ಈ ಸಲ ಸೇರಿಸುವಾಗ ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಟೀಚರು ಮಾತ್ರ ಕೇಳಿದರು: "ನೀವು ಲೇಟಾದ್ರೆ ಮನೆಗೆ ಬಿಟ್ಟು ಬರಬೇಕಾಗ್ತದೆ. ಇನ್ನೊಂದು ಕೀ ಇದ್ರೆ ನನ್ನ ಹತ್ರ ಕೊಟ್ಟಿರ್ರಿ."

ಆಸ್ಪತ್ರೆಯವರು ಗಿರಿಜಕ್ಕನ ಬಟ್ಟೆಗಳನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕೊಟ್ಟಿದ್ದರು. ಸೆರಗಿನ ತುದಿಯಲ್ಲಿ ಗಂಟು ಹಾಕಿ ಹಾಕಿ ಸುಕ್ಕಾದ ಗುರುತಿತ್ತು, ಗಂಟು ಬಿಚ್ಚಿಹೋಗಿತ್ತು, ಬೀಗದ ಕೈ ಇರಲಿಲ್ಲ. ಬಸವರಾಜು ಗೇಟಿನ ಸುತ್ತ ಮಣ್ಣು ಕೆದಕಿ ನೋಡಿದರು. ನಾನು ಆಟೋದ ಸೀಟಿನ ಸಂದಿಯಲ್ಲಿ, ಚಿನ್ಮಯಿಯ ಚೀಲದ ತಳದಲ್ಲಿ, ನಮ್ಮ ಮನೆಯಿಂದ ಶಾಲೆಯವರೆಗಿನ ಚರಂಡಿಯ ಅಂಚಿನಲ್ಲಿ ಹುಡುಕಿದೆ. ಬೀಗ ಬದಲಾಯಿಸೋಣ ಎಂದು ಮಂಜುನಾಥ ಎರಡು ಸಲ ಹೇಳಿದರು. ನಾನು ಬೇಡ ಅಂದೆ. ಇನ್ನೊಂದು ಮಾಡಿಸೋಣ ಅಂದರು. ಅದಕ್ಕೂ ಬೇಡ ಅಂದೆ.

ಟೀಚರಿಗೆ, "ಲೇಟಾಗಲ್ಲ ರೀ, ಏಳಕ್ಕೆ ಬಂದೇ ಬರ್ತೀನಿ" ಅಂದಿದ್ದೇನೆ. ಮನೆಗೆ ಇರುವುದು ಒಂದೇ ಬೀಗದ ಕೈ, ಅದು ನನ್ನ ಹತ್ತಿರ ಇದೆ. ಎರಡನೆಯದು ಇನ್ನೂ ಸಿಕ್ಕಿಲ್ಲ.